ಬೇಗಡೆಯೊಳಗಿನ ಮಾತ್ರೆ

ಮಳೆಗಾಲ ಹಿಡಿದ ಮೇಲೆ ಮನೆಯಲ್ಲಿ ಔಷಧಿಗಳನ್ನು ಇಟ್ಟುಕೊಳ್ಳುವ ಬಗೆಯನ್ನು ಕುರಿತು ಕರಾವಳಿಯ ಓದುಗರಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಮಾತ್ರೆಗಳ ಅಲ್ಯೂಮಿನಿಯಂ ಹೊದಿಕೆಗೆ ಸಂಬಂಧಿಸಿದವು. ಉಡುಪಿಯಲ್ಲಿ ಔಷಧಿ ಅಂಗಡಿ ನಡೆಸುತ್ತಿರುವ, ಅದಕ್ಕೂ ಮೊದಲು ಗೋವಾದ ಔಷಧ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ದುಡಿದಿದ್ದ ನಮ್ಮ ಅಂಕಣಕಾರರು ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ದಿನಕ್ಕೆ ಏಳು ಮಾತ್ರೆಗಳಿವೆ. ಕೈ ನಡುಗುವುದರಿಂದ ಸ್ಟ್ರಿಪ್‌ನಿಂದ ಮಾತ್ರೆ ಬಿಡಿಸಿಕೊಳ್ಳಲು ಅವರಿಗೆ ಆಗುವುದಿಲ್ಲ. ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದು, ತಿಂಗಳಿಗೊಮ್ಮೆ ಊರಿಗೆ ಹೋದಾಗ ಅಷ್ಟೂ ಮಾತ್ರೆಗಳನ್ನು ಬಿಡಿಸಿ ಬೇರೆ ಬೇರೆ ಡಬ್ಬಿಗಳಿಗೆ ತುಂಬಿಸಿ ಬರುತ್ತೇನೆ. ಈ ಸಲ ಹೋದಾಗ ಒಂದು ಡಬ್ಬಿಯ ಮಾತ್ರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ನೊಂದರ ಮುಚ್ಚಳ ತೆಗೆದರೆ ಹುಳಿ ವಾಸನೆ. ಅವಧಿ ಮುಗಿಯಲು ಇನ್ನೂ ಒಂದು ವರ್ಷವಿದೆ. ಅವನ್ನು ಕೊಡಬಹುದೇ? — ಓದುಗಿ, ಕುಂದಾಪುರ

ಉತ್ತರ: ಆ ಎರಡು ಡಬ್ಬಿಗಳ ಮಾತ್ರೆಗಳನ್ನು ದಯವಿಟ್ಟು ಕೊಡಬೇಡಿ. ಸ್ಟ್ರಿಪ್‌ನ ಮೇಲೆ ಮುದ್ರಿಸಿದ ಅವಧಿ ಆ ಸ್ಟ್ರಿಪ್ ಮುಚ್ಚಿರುವಷ್ಟು ಕಾಲ ಮಾತ್ರ ಅನ್ವಯಿಸುತ್ತದೆ. ಮಾತ್ರೆಯನ್ನು ಹೊರತೆಗೆದು ಡಬ್ಬಿಗೆ ಹಾಕಿದ ಗಳಿಗೆಯಿಂದ ಆ ತಾರೀಖಿಗೂ ಆ ಮಾತ್ರೆಗೂ ಸಂಬಂಧ ಉಳಿಯುವುದಿಲ್ಲ. ಈ ಒಂದು ಮಾತನ್ನು ನಮ್ಮ ಅಂಗಡಿಗೆ ಬರುವವರಿಗೆ ನಾನು ವರ್ಷವಿಡೀ ಹೇಳುತ್ತಲೇ ಇರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನಷ್ಟು ಒತ್ತಿ ಹೇಳುತ್ತೇನೆ.

ನೀವು ಮಾತ್ರೆಗಳ ಹೆಸರು ಬರೆದಿಲ್ಲ. ಆದರೂ ಹುಳಿ ವಾಸನೆ ಬಂದದ್ದು ಆಸ್ಪಿರಿನ್ ಇರಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ಹೃದ್ರೋಗಿಗಳಿಗೆ ದಿನಕ್ಕೊಂದರಂತೆ ಕೊಡುವ 75 ಮಿಲಿಗ್ರಾಂನ ಪುಟ್ಟ ಮಾತ್ರೆ ಅದು. ಆಸ್ಪಿರಿನ್‌ಗೆ ನೀರಿನ ಪಸೆ ತಗುಲಿದರೆ ಅದು ಎರಡಾಗಿ ಒಡೆಯುತ್ತದೆ: ಒಂದು ಸ್ಯಾಲಿಸಿಲಿಕ್ ಆಮ್ಲ, ಇನ್ನೊಂದು ಅಸಿಟಿಕ್ ಆಮ್ಲ. ಉಪ್ಪಿನಕಾಯಿಗೆ ಹಾಕುವ ವಿನೆಗರ್‌ನ ವಾಸನೆ ಈ ಎರಡನೆಯದರದ್ದೇ. ಒಮ್ಮೆ ಆಟಿ ತಿಂಗಳಲ್ಲಿ ಹಿರಿಯರೊಬ್ಬರು ಇಂಥದೇ ಡಬ್ಬಿಯನ್ನು ನಮ್ಮ ಅಂಗಡಿಗೆ ತಂದಿದ್ದರು. ಮಾತ್ರೆಗಳನ್ನು ಕಪ್ಪು ಕಾಗದದ ಮೇಲೆ ಸುರಿದು ಭೂತಗನ್ನಡಿ ಹಿಡಿದು ನೋಡಿದಾಗ, ಒಂದೊಂದು ಮಾತ್ರೆಯ ಅಂಚಿನಲ್ಲೂ ಬಿಳಿಯ ಕೂದಲಿನಂಥ ಹರಳುಗಳು ಎದ್ದಿದ್ದವು. ಬಹಳ ತೆಳ್ಳಗಿನ, ಹೊಳೆಯುವ ಮುಳ್ಳುಗಳು. ಒಡೆದ ಆಸ್ಪಿರಿನ್ ಹಾಗೆ ಮೈಮೇಲೆ ಬೆಳೆದು ಕಾಣಿಸುತ್ತದೆ. ಅವರು ಎರಡು ತಿಂಗಳಿನಿಂದ ಅದನ್ನೇ ನುಂಗುತ್ತಿದ್ದರು. ಅವರಿಗೆ ಸಿಗಬೇಕಾದ ರಕ್ಷಣೆಯಲ್ಲಿ ಎಷ್ಟು ಪಾಲು ಸಿಕ್ಕಿತ್ತೋ ಹೇಳುವ ಬಗೆ ಇರಲಿಲ್ಲ. ಆ ದಿನ ನನಗೆ ಆದ ಸಂಕಟ ಇಂದಿಗೂ ಹೋಗಿಲ್ಲ, ಏಕೆಂದರೆ ಆ ಸ್ಟ್ರಿಪ್‌ಗಳನ್ನು ಕೊಟ್ಟವನು ನಾನೇ, ಬಿಡಿಸಿಡಬೇಡಿ ಎಂದು ಹೇಳದೆ ಕೊಟ್ಟಿದ್ದೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆಗ ಅಡುಗೆಮನೆಯಲ್ಲಿ ಏನಾಗುತ್ತದೆಂಬುದು ನಿಮ್ಮ ತಾಯಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಉಪ್ಪು ನೀರೊಡೆಯುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ, ಬೇಸಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ ಎರಡು ದಿನ ಹೊರಗಿದ್ದರೆ ಚರ್ಮದಂತೆ ಮಡಚಿಕೊಳ್ಳುತ್ತದೆ. ಹಪ್ಪಳ ಮೆತ್ತಗಾದದ್ದು ಕಣ್ಣಿಗೆ ಕಾಣುತ್ತದೆ. ಮಾತ್ರೆಯ ಒಳಗಿನ ಔಷಧ ಕುಂದಿದ್ದು ಹೆಚ್ಚಿನ ಸಂದರ್ಭಗಳಲ್ಲಿ ಕಣ್ಣಿಗೂ ಮೂಗಿಗೂ ತಿಳಿಯುವುದೇ ಇಲ್ಲ, ನಿಮಗೆ ಎರಡು ಡಬ್ಬಿಗಳಲ್ಲಿ ತಿಳಿದದ್ದು ಒಂದು ರೀತಿಯಲ್ಲಿ ಭಾಗ್ಯ.

ಹತ್ತು ಮಾತ್ರೆಗಳ ಸ್ಟ್ರಿಪ್‌ನಲ್ಲಿ ಹತ್ತು ಬೇರೆ ಬೇರೆ ಕೋಣೆಗಳಿವೆ. ಒಂದನ್ನು ತೆರೆದರೆ ಉಳಿದ ಒಂಬತ್ತಕ್ಕೆ ಹೊರಗಿನ ಗಾಳಿಯ ಸೋಂಕೂ ಇರುವುದಿಲ್ಲ. ಡಬ್ಬಿಯಲ್ಲಾದರೋ ದಿನಕ್ಕೆ ಮೂರು ಸಲ ಮುಚ್ಚಳ ತೆರೆದಾಗ, ಮೂರು ಸಲವೂ ಅಷ್ಟೂ ಮಾತ್ರೆಗಳ ಮೇಲೆ ಹೊಸ ತೇವದ ಗಾಳಿ ಹಾಯುತ್ತದೆ.

ಕೆಲವು ಔಷಧಗಳ ವಿಷಯದಲ್ಲಿ ಯಾವ ರಿಯಾಯಿತಿಯೂ ಸಾಧ್ಯವಿಲ್ಲ. ಅಪಸ್ಮಾರಕ್ಕೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಗಾಳಿಯಿಂದಲೇ ನೀರು ಹೀರಿ ಅಂಟಾಗುತ್ತದೆ. ನಿಮ್ಮ ಅಂಟಿಕೊಂಡ ಮಾತ್ರೆಗಳು ಅವೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ಅಮಾಕ್ಸಿಸಿಲಿನ್ ಜೊತೆ ಕ್ಲಾವ್ಯುಲನೇಟ್ ಸೇರಿದ ಆ್ಯಂಟಿಬಯಾಟಿಕ್ ಮಾತ್ರೆ ತೇವ ತಗುಲಿದರೆ ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ರಕ್ತ ತೆಳುವಾಗಿಸುವ ಡ್ಯಾಬಿಗ್ಯಾಟ್ರಾನ್ ಕ್ಯಾಪ್ಸೂಲ್, ನೀರಿಗೆ ಹಾಕಿದೊಡನೆ ನೊರೆಯೇಳುವ ಮಾತ್ರೆಗಳು, ನಾಲಿಗೆಯ ಮೇಲೆ ಕರಗುವ ಮಾತ್ರೆಗಳು, ಇವೆಲ್ಲ ಬಾಯಿಗೆ ಹಾಕಿಕೊಳ್ಳುವ ಹೊತ್ತಿನವರೆಗೂ ತಮ್ಮ ಹೊದಿಕೆಯಲ್ಲೇ ಇರಬೇಕು. ಥೈರಾಯ್ಡ್ ಮಾತ್ರೆ ಬಾಟಲಿಯಲ್ಲಿ ಬಂದಿದ್ದರೆ ಅದೇ ಬಾಟಲಿಯಲ್ಲಿ, ಒಳಗಿರುವ ತೇವ ಹೀರುವ ಪುಟ್ಟ ಪೊಟ್ಟಣವನ್ನು ತೆಗೆಯದೆ, ಇಡಬೇಕು.

ಆದರೆ ತಾಯಿಯವರ ಕೈ ನಡುಗುವ ಸಂಗತಿಯನ್ನು ಬದಿಗಿಟ್ಟು ಬರೀ ನಿಯಮ ಹೇಳಿದರೆ ನಾನು ನಿಮ್ಮ ಪತ್ರ ಓದಿದಂತೆಯೇ ಆಗುವುದಿಲ್ಲ. ಹೊದಿಕೆ ಬಿಡಿಸಲಾಗದೆ ಮಾತ್ರೆಯನ್ನೇ ಬಿಟ್ಟುಬಿಡುವುದು ಇನ್ನೂ ದೊಡ್ಡ ಅಪಾಯ. ಪ್ಯಾರಾಸಿಟಮಾಲ್‌ನಂಥ ಗಟ್ಟಿ ಸ್ವಭಾವದ ಮಾತ್ರೆಗಳನ್ನು ಅಮೆರಿಕದಲ್ಲಿ ನೂರುಗಟ್ಟಲೆ ಒಂದೇ ಬಾಟಲಿಯಲ್ಲಿ ಮಾರುತ್ತಾರೆ; ಅಂಥವುಗಳನ್ನು ವಾರದ ಏಳು ಖಾನೆಗಳ ಡಬ್ಬಿಯಲ್ಲಿ ಒಂದು ವಾರದ ಮಟ್ಟಿಗೆ ಹಾಕಿಡಲು ಅಡ್ಡಿಯಿಲ್ಲ, ತಿಂಗಳಿಗೆ ಬೇಡ. ಯಾವುದು ಗಟ್ಟಿ, ಯಾವುದು ನಾಜೂಕು ಎಂಬುದನ್ನು ಏಳೂ ಸ್ಟ್ರಿಪ್‌ಗಳನ್ನು ತೆಗೆದುಕೊಂಡು ಹೋಗಿ ನಿಮ್ಮ ಫಾರ್ಮಸಿಸ್ಟರ ಎದುರು ಇಟ್ಟು ಕೇಳಿ. ನಾಜೂಕಾದವುಗಳನ್ನು ನೆರೆಮನೆಯವರೋ ಮನೆಗೆಲಸಕ್ಕೆ ಬರುವವರೋ ಬೆಳಿಗ್ಗೆ ಒಮ್ಮೆ ಆ ದಿನಕ್ಕೆ ಬೇಕಾದಷ್ಟು ಬಿಡಿಸಿಕೊಟ್ಟರೆ ಸಾಕು. ಅದೂ ಇಲ್ಲದ ದಿನ, ತಾಯಿಯವರು ಒಂದು ಬಟ್ಟಲಿನ ಬಾಯಿಗೆ ಅಡ್ಡಲಾಗಿ ಸ್ಟ್ರಿಪ್ ಇಟ್ಟು, ಬೇಗಡೆಯ ಬದಿ ಕೆಳಗೆ ಬರುವಂತೆ ಹಿಡಿದು, ಉಬ್ಬಿನ ಮೇಲೆ ಹೆಬ್ಬೆರಳಿನ ಬುಡವನ್ನು ಊರಿ ಒತ್ತಲಿ. ಬೆರಳ ತುದಿಗಿಂತ ಅಲ್ಲಿ ಬಲ ಹೆಚ್ಚು, ಮಾತ್ರೆಯೂ ನೆಲಕ್ಕೆ ಬೀಳದೆ ಬಟ್ಟಲಿಗೇ ಬೀಳುತ್ತದೆ.

ಪ್ರಶ್ನೆ: ಬಿಡಿಸಿದ ಮಾತ್ರೆಗಳನ್ನು ಚಪಾತಿ ಸುತ್ತುವ ಅಡುಗೆಮನೆಯ ಫಾಯಿಲ್‌ನಲ್ಲಿ ಕಟ್ಟಿಟ್ಟರೆ ಸ್ಟ್ರಿಪ್‌ನಷ್ಟೇ ರಕ್ಷಣೆ ಸಿಗುವುದಿಲ್ಲವೇ? ಎರಡೂ ಅಲ್ಯೂಮಿನಿಯಂ ತಾನೇ? — ಓದುಗರು, ಸುರತ್ಕಲ್

ಉತ್ತರ: ಲೋಹ ಒಂದೇ, ಕೆಲಸ ಬೇರೆ. ಅಲ್ಯೂಮಿನಿಯಂ ಲೋಹದ ಮೂಲಕ ನೀರಿನ ಆವಿಯಾಗಲಿ ಆಮ್ಲಜನಕವಾಗಲಿ ಬೆಳಕಾಗಲಿ ಹಾಯುವುದಿಲ್ಲ ಎಂಬುದು ನಿಜ. ಆದರೆ ಹಾಳೆಯನ್ನು ತೀರಾ ತೆಳ್ಳಗೆ ಉರುಳಿಸಿದಾಗ ಅದರಲ್ಲಿ ಅಲ್ಲಲ್ಲಿ ಸೂಜಿಮೊನೆಗಿಂತ ಸಣ್ಣ ರಂಧ್ರಗಳು ಉಳಿದುಬಿಡುತ್ತವೆ. ಹಾಳೆಯ ದಪ್ಪ ಸುಮಾರು 25 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಾಟಿದರೆ ಇಂಥ ರಂಧ್ರಗಳು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಅಡುಗೆಮನೆಯ ಸುರುಳಿ ಅದರ ಅರ್ಧದಷ್ಟು ದಪ್ಪವೂ ಇರುವುದು ಅಪರೂಪ. ರಾತ್ರಿ ದೀಪ ಆರಿಸಿ ಒಂದು ಮೊಳ ಫಾಯಿಲ್ ಬಿಡಿಸಿ, ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಿ. ಕೆಲವು ಸುರುಳಿಗಳಲ್ಲಿ ನಕ್ಷತ್ರದಂಥ ಚುಕ್ಕಿಗಳು ನಿಮ್ಮ ಕಣ್ಣಿಗೇ ಬೀಳುತ್ತವೆ.

ರಂಧ್ರಕ್ಕಿಂತಲೂ ಮುಖ್ಯವಾದದ್ದು ಅಂಚು. ಕೈಯಿಂದ ಮಡಚಿ ಸುತ್ತಿದ ಫಾಯಿಲ್ ಎಷ್ಟೇ ಬಿಗಿಯಾಗಿ ಕಂಡರೂ ಅದರ ಮಡಿಕೆಗಳ ನಡುವೆ ಗಾಳಿ ಆಡುತ್ತಲೇ ಇರುತ್ತದೆ. ಔಷಧದ ಫಾಯಿಲ್‌ನ ಒಳಮೈಗೆ ಬಿಸಿಗೆ ಕರಗಿ ಬೆಸೆಯುವ ಲೇಪ ಇರುತ್ತದೆ. ಆ ಬೆಸುಗೆ ಇಲ್ಲದಿದ್ದರೆ ಅಲ್ಯೂಮಿನಿಯಂ ಇದ್ದೂ ಇಲ್ಲದಂತೆ.

ಪ್ರಶ್ನೆ: ಹೊಟ್ಟೆಯ ಆಮ್ಲಕ್ಕೆ ನಾನು ವರ್ಷಗಳಿಂದ ತೆಗೆದುಕೊಳ್ಳುತ್ತಿರುವ ಮಾತ್ರೆ ಮೊದಲು ಒಂದು ಬದಿ ಪಾರದರ್ಶಕ ಪ್ಲಾಸ್ಟಿಕ್ ಇರುವ ಹೊದಿಕೆಯಲ್ಲಿ ಬರುತ್ತಿತ್ತು. ಈಗ ಎರಡೂ ಬದಿ ಬೆಳ್ಳಿಯಂತೆ ಹೊಳೆಯುವ, ಅಂಗೈಯಗಲದ ದೊಡ್ಡ ಹಾಳೆಯಲ್ಲಿ ಬರುತ್ತಿದೆ. ಮಾತ್ರೆ ಕಾಣಿಸುವುದಿಲ್ಲ, ಜೇಬಿಗೆ ಹಿಡಿಸುವುದಿಲ್ಲ, ಬೆಲೆಯೂ ಹೆಚ್ಚಿದೆ. ಇದು ಬೆಲೆ ಏರಿಸುವ ಉಪಾಯವಲ್ಲವೇ? — ಓದುಗರು, ಬಂಟ್ವಾಳ

ಉತ್ತರ: ನಿಮ್ಮ ಅನುಮಾನ ಸಹಜವಾದದ್ದು, ಆದರೆ ಈ ಮಾತ್ರೆಯ ಮಟ್ಟಿಗೆ ಹೊದಿಕೆಯ ಬದಲಾವಣೆಗೆ ಕಾರಣವಿದೆ. ಅಂಗಡಿಯಲ್ಲಿ ನೀವು ಕಾಣುವ ಮೂರು ಬಗೆಯ ಹೊದಿಕೆಗಳು ಹೇಗೆ ಆಗುತ್ತವೆ ಎಂಬುದನ್ನು ತಿಳಿದರೆ ಅದು ಸ್ಪಷ್ಟವಾಗುತ್ತದೆ.

ಪಾರದರ್ಶಕವಾದದ್ದು ಬ್ಲಿಸ್ಟರ್. ಸುಮಾರು 250 ಮೈಕ್ರಾನ್ ದಪ್ಪದ ಪಿವಿಸಿ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅದು ಮೆತ್ತಗಾದಾಗ ಅಚ್ಚಿನಲ್ಲಿ ಗುಳಿಗಳನ್ನು ಮೂಡಿಸಿ, ಗುಳಿಗೊಂದರಂತೆ ಮಾತ್ರೆ ಉದುರಿಸಿ, ಮೇಲಿನಿಂದ 20ರಿಂದ 25 ಮೈಕ್ರಾನ್‌ನ ಬಿರುಸಾದ ಅಲ್ಯೂಮಿನಿಯಂ ಹಾಳೆಯನ್ನು ಬಿಸಿಯೊತ್ತಿ ಅಂಟಿಸುತ್ತಾರೆ. ಈ ಹಾಳೆ ಬಿರುಸಾಗಿರುವುದರಿಂದಲೇ ಒತ್ತಿದಾಗ ಪಟ್ಟೆಂದು ಹರಿದು ಮಾತ್ರೆ ಹೊರಬರುತ್ತದೆ. ಇದರ ಬೆನ್ನು ಲೋಹ, ಆದರೆ ಹೊಟ್ಟೆ ಪ್ಲಾಸ್ಟಿಕ್. ಪ್ಲಾಸ್ಟಿಕ್ ನೀರನ್ನು ತಡೆಯುತ್ತದೆಯೇ ಹೊರತು ನೀರಿನ ಆವಿಯನ್ನು ಪೂರ್ತಿ ತಡೆಯುವುದಿಲ್ಲ. ತಿಂಗಳುಗಟ್ಟಲೆ ಕಾಲದಲ್ಲಿ ಆವಿ ಅದರ ಮೈಯೊಳಗಿಂದಲೇ ನುಸುಳುತ್ತದೆ. ಎರಡನೆಯದು ನಿಜವಾದ ಸ್ಟ್ರಿಪ್: ಒಳಗೆ ಪಾಲಿಥೀನ್ ಲೇಪವಿರುವ ಎರಡು ಮೆದು ಫಾಯಿಲ್‌ಗಳ ನಡುವೆ ಮಾತ್ರೆ ಸಿಕ್ಕಿಸಿ, ಕಾದ ಉರುಳೆಗಳ ನಡುವೆ ಹಾಯಿಸಿದ್ದು. ಇದನ್ನು ಒತ್ತಿ ತೆಗೆಯುವುದಲ್ಲ, ಅಂಚಿನಿಂದ ಹರಿದು ತೆಗೆಯುವುದು.

ಈಗ ನಿಮ್ಮ ಕೈಯಲ್ಲಿರುವುದು ಮೂರನೆಯದು. ಕಾರ್ಖಾನೆಯಲ್ಲೂ ಅಂಗಡಿಯಲ್ಲೂ ಅದನ್ನು ಅಲು-ಅಲು ಎನ್ನುತ್ತೇವೆ. ಗುಳಿಯಾಗುವ ಹಾಳೆಯಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ: ಹೊರಗೆ 25 ಮೈಕ್ರಾನ್ ನೈಲಾನ್, ನಡುವೆ 45 ಮೈಕ್ರಾನ್ ಅಲ್ಯೂಮಿನಿಯಂ, ಒಳಗೆ 60 ಮೈಕ್ರಾನ್ ಪಿವಿಸಿ. ಇದನ್ನು ಕಾಯಿಸುವುದಿಲ್ಲ, ತಣ್ಣಗಿದ್ದಂತೆಯೇ ಅಚ್ಚಿನಿಂದ ಒತ್ತಿ ಗುಳಿ ತೆಗೆಯುತ್ತಾರೆ. ಪ್ಲಾಸ್ಟಿಕ್ ಬಿಸಿಯಲ್ಲಿ ಎಳೆದಷ್ಟು ಎಳೆಯುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಕಡಿದಾಗಿ ಒತ್ತಿದರೆ ಮೂಲೆಯಲ್ಲಿ ಬಿರಿಯುತ್ತದೆ. ಆದ್ದರಿಂದ ಗುಳಿಯ ಗೋಡೆಗಳನ್ನು ಬಟ್ಟಲಿನಂತೆ ಇಳಿಜಾರಾಗಿ, ಬಾಯಿಯನ್ನು ಅಗಲವಾಗಿ ಮಾಡಬೇಕಾಗುತ್ತದೆ. ಸಣ್ಣ ಮಾತ್ರೆಗೆ ದೊಡ್ಡ ಹಾಳೆ ಬಂದದ್ದು ಹೀಗೆ. ಹಾಳೆ ಹೆಚ್ಚು, ಯಂತ್ರದ ವೇಗ ಕಡಿಮೆ, ಖರ್ಚು ಹೆಚ್ಚು ಎಂಬುದೂ ನಿಜ.

ನೀವು ಹೇಳಿದ ಮಾತ್ರೆ ಪ್ಯಾಂಟೊಪ್ರಜೋಲ್ ಅಥವಾ ರಾಬಿಪ್ರಜೋಲ್ ಜಾತಿಯದಾಗಿರಬೇಕು. ಈ ಗುಂಪಿನ ಔಷಧಗಳು ತೇವಕ್ಕೂ ಆಮ್ಲಕ್ಕೂ ಬಹಳ ಬೇಗ ಸೋಲುತ್ತವೆ. ಹೊಟ್ಟೆಯ ಆಮ್ಲದಿಂದ ಕಾಪಾಡಲೆಂದೇ ಮಾತ್ರೆಯ ಮೇಲೆ ಕರುಳಿನಲ್ಲಿ ಮಾತ್ರ ಕರಗುವ ಲೇಪ ಹಚ್ಚಿರುತ್ತಾರೆ. ಹೊಸ ಹೊದಿಕೆ ಮಾರುಕಟ್ಟೆಗೆ ಬರುವ ಮೊದಲು ಅದರಲ್ಲಿಟ್ಟ ಮಾತ್ರೆಗಳನ್ನು 40 ಡಿಗ್ರಿ ಉಷ್ಣತೆ, ಶೇಕಡ 75ರ ತೇವಾಂಶದಲ್ಲಿ ಆರು ತಿಂಗಳು ಇಟ್ಟು ಪರೀಕ್ಷಿಸುವ ಪದ್ಧತಿ ಇದೆ. ಬಂಟ್ವಾಳದ ಮಳೆಗಾಲ ಆ ಪೆಟ್ಟಿಗೆಯಷ್ಟು ಬಿಸಿಯಲ್ಲ, ಆದರೆ ತೇವದಲ್ಲಿ ಅದಕ್ಕೇನೂ ಕಡಿಮೆಯಿಲ್ಲ. ಹಾಗೆಂದು ಎಲ್ಲ ಮಾತ್ರೆಗೂ ಅಲು-ಅಲು ಬೇಕೆಂದು ನಾನು ಹೇಳುವುದಿಲ್ಲ. ತೇವದಿಂದ ಅಷ್ಟಾಗಿ ಕೆಡದ ಮಾತ್ರೆಯನ್ನೂ ಬೆಳ್ಳಿಯ ಹಾಳೆಯಲ್ಲಿ ಸುತ್ತಿ ದುಬಾರಿಯಾಗಿ ಮಾರಿದರೆ ಅದು ತಪ್ಪೇ. ಅಂಥಲ್ಲಿ ಅದೇ ಔಷಧ, ಅದೇ ಪ್ರಮಾಣದ್ದು ಬೇರೆ ಕಂಪನಿಯಿಂದ ಕಡಿಮೆ ಬೆಲೆಗೆ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ.

ಬೆಸುಗೆ ಸರಿಯಾಗಿದೆಯೇ ಎಂದು ಕಾರ್ಖಾನೆಯಲ್ಲಿ ನೋಡುವ ಬಗೆಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ದಪ್ಪ ಗಾಜಿನ ಪಾತ್ರೆಯಲ್ಲಿ ಮೆಥಿಲೀನ್ ಬ್ಲೂ ಎಂಬ ಬಣ್ಣ ಕಲಸಿದ ಕಡುನೀಲಿ ನೀರಿರುತ್ತದೆ. ಯಂತ್ರದಿಂದ ಆಗಷ್ಟೇ ಬಂದ ಕೆಲವು ಸ್ಟ್ರಿಪ್‌ಗಳನ್ನು ಅದರಲ್ಲಿ ಮುಳುಗಿಸಿ, ಮುಚ್ಚಳ ಹಾಕಿ, ಪಂಪ್‌ನಿಂದ ಒಳಗಿನ ಗಾಳಿ ಎಳೆಯುತ್ತೇವೆ. ಎಲ್ಲಾದರೂ ಸಂದಿಯಿದ್ದರೆ ಆ ಕೋಣೆಯ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಮತ್ತೆ ಗಾಳಿ ಬಿಟ್ಟಾಗ ಅದೇ ಸಂದಿಯಿಂದ ನೀಲಿ ನೀರು ಒಳಸೇರುತ್ತದೆ. ಆಮೇಲೆ ಸ್ಟ್ರಿಪ್‌ಗಳನ್ನು ತೊಳೆದು ಒರೆಸಿ ಒಂದೊಂದೇ ಕೋಣೆ ಬಿಡಿಸಬೇಕು. ಒಮ್ಮೆ ರಾತ್ರಿ ಪಾಳಿಯಲ್ಲಿ ನಾನು ಬಿಡಿಸುತ್ತಿದ್ದಾಗ ಬಿಳಿಯ ಮಾತ್ರೆಯೊಂದರ ಅಂಚಿನಲ್ಲಿ ಸಾಸಿವೆಯಷ್ಟು ನೀಲಿ ಚುಕ್ಕೆ ಕಂಡಿತು. ಯಂತ್ರ ನಿಲ್ಲಿಸಿ ಹುಡುಕಿದರೆ, ಮಾತ್ರೆಯಿಂದ ಉದುರಿದ ಚಿಟಿಕೆ ಪುಡಿ ಬೆಸುಗೆಯ ದಾರಿಯಲ್ಲಿ ಸಿಕ್ಕಿಕೊಂಡಿತ್ತು. ಹಿಂದಿನ ಪರೀಕ್ಷೆಯಿಂದ ಅಲ್ಲಿಯವರೆಗೆ ಆದ ಸರಕನ್ನೆಲ್ಲ ಬೇರೆ ತೆಗೆದಿಟ್ಟೆವು. ಬೇಗಡೆ ಎಷ್ಟೇ ಗಟ್ಟಿಯಾಗಿದ್ದರೂ ಬೆಸುಗೆಯಲ್ಲಿ ಒಂದು ಕಣ ಪುಡಿ ಸಾಕು ಎಂಬುದು ಆ ರಾತ್ರಿ ನನಗೆ ಮನವರಿಕೆಯಾಯಿತು.

ಪ್ರಶ್ನೆ: ಅಲ್ಯೂಮಿನಿಯಂ ದೇಹಕ್ಕೆ ಒಳ್ಳೆಯದಲ್ಲ ಎನ್ನುತ್ತಾರೆ. ಎರಡು ವರ್ಷ ಫಾಯಿಲ್‌ಗೆ ತಾಗಿಕೊಂಡೇ ಇರುವ ಮಾತ್ರೆಗೆ ಲೋಹ ಸೇರುವುದಿಲ್ಲವೇ? ಫಾಯಿಲ್‌ನ ಒಂದು ಬದಿ ಹೊಳಪು, ಇನ್ನೊಂದು ಮಂಕಾಗಿರುವುದು ಯಾವುದಾದರೂ ರಾಸಾಯನಿಕದಿಂದಲೇ? — ಓದುಗರು, ಪುತ್ತೂರು

ಉತ್ತರ: ತಾಗಿಕೊಂಡಿರುವುದು ಬರಿಯ ಲೋಹವಲ್ಲ. ಈಗಷ್ಟೇ ಹೇಳಿದಂತೆ, ಮಾತ್ರೆಯತ್ತ ಮುಖ ಮಾಡಿರುವ ಬದಿಗೆ ಲೇಪವೋ ಪ್ಲಾಸ್ಟಿಕ್ ಪದರವೋ ಇರುತ್ತದೆ. ಲೋಹ ಕರಗಿ ಬರಬೇಕಾದರೆ ದ್ರವ ಬೇಕು, ಹುಣಿಸೆಹುಳಿ ಹಾಕಿದ ಸಾರು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಯುವಾಗ ಆಗುವಂತೆ. ಮುಚ್ಚಿದ ಕೋಣೆಯೊಳಗೆ ಮಾತ್ರೆ ಒಣಗಿಯೇ ಇರುತ್ತದೆ. ನಾವು ಹೊಟ್ಟೆಯುರಿಗೆ ಕುಡಿಯುವ ಹಲವು ಆ್ಯಂಟಾಸಿಡ್ ದ್ರಾವಣಗಳಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಒಂದು ಔಷಧವಾಗಿಯೇ, ಚಮಚಕ್ಕೆ ನೂರಾರು ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಎಚ್ಚರ ವಹಿಸಬೇಕಾದದ್ದು ಅಂಥ ದ್ರಾವಣಗಳ ಬಗ್ಗೆ, ಮಾತ್ರೆಯ ಹೊದಿಕೆಯ ಬಗ್ಗೆ ಅಲ್ಲ.

ಹೊಳಪು ಮತ್ತು ಮಂಕು ಯಾವ ರಾಸಾಯನಿಕದಿಂದಲೂ ಬಂದದ್ದಲ್ಲ. ತೆಳು ಫಾಯಿಲ್ ತಯಾರಿಸುವಾಗ ಕೊನೆಯ ಸುತ್ತಿನಲ್ಲಿ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಉರುಳೆಗಳ ನಡುವೆ ಹಾಯಿಸುತ್ತಾರೆ. ನುಣುಪಾದ ಉಕ್ಕಿನ ಉರುಳೆಗೆ ತಾಗಿದ ಬದಿ ಹೊಳೆಯುತ್ತದೆ, ಹಾಳೆಗೆ ಹಾಳೆ ತಾಗಿದ ಬದಿ ಮಂಕಾಗುತ್ತದೆ, ಅಷ್ಟೇ.

ಪ್ರಶ್ನೆ: ನಮ್ಮೂರಿನ ಮೆಡಿಕಲ್‌ನಲ್ಲಿ ಐದು ಮಾತ್ರೆ ಕೇಳಿದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ, ಅವಧಿಯ ತಾರೀಖು ಅವರಲ್ಲೇ ಉಳಿಯುತ್ತದೆ. ಅಲ್ಲದೆ ಮನೆಯಲ್ಲಿ ನಾವು ಹೊತ್ತುಹೊತ್ತಿಗೆ ಸುಲಭವಾಗಲೆಂದು ಒಂದೊಂದೇ ಮಾತ್ರೆಯ ತುಂಡುಗಳಾಗಿ ಕತ್ತರಿಸಿ ಇಡುತ್ತೇವೆ. ಇದು ಸರಿಯೇ? — ಓದುಗರು, ಕಾರ್ಕಳ

ಉತ್ತರ: ಎರಡನೆಯದನ್ನು ಮೊದಲು ಹೇಳುತ್ತೇನೆ, ಅದು ಹೆಚ್ಚು ಗಂಭೀರ. ಒಂದೊಂದೇ ಮಾತ್ರೆಯ ತುಂಡುಗಳಾಗಿ ಕತ್ತರಿಸಿಡುವುದನ್ನು ಇಂದೇ ನಿಲ್ಲಿಸಿ, ಮನೆಯಲ್ಲಿ ದೃಷ್ಟಿ ಮಂದವಾದ ಅಥವಾ ಮರೆವಿನ ಹಿರಿಯರಿದ್ದರಂತೂ ಖಂಡಿತ ನಿಲ್ಲಿಸಿ. ನಸುಕಿನಲ್ಲಿ ಎದ್ದು ಕೈಗೆ ಸಿಕ್ಕ ತುಂಡನ್ನು ಹೊದಿಕೆಯ ಸಮೇತ ಬಾಯಿಗೆ ಹಾಕಿ ನೀರು ಕುಡಿದುಬಿಟ್ಟ ಪ್ರಸಂಗಗಳು ವೈದ್ಯಕೀಯದಲ್ಲಿ ಅನೇಕ ದೇಶಗಳಿಂದ ದಾಖಲಾಗಿವೆ. ಚೌಕವಾಗಿ ಕತ್ತರಿಸಿದ ತುಂಡಿನ ನಾಲ್ಕು ಮೂಲೆಗಳೂ ಬ್ಲೇಡಿನಷ್ಟೇ ಹರಿತ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಗೋಡೆಯನ್ನು ಸೀಳಬಹುದು. ಪ್ಲಾಸ್ಟಿಕ್ಕೂ ತೆಳು ಅಲ್ಯೂಮಿನಿಯಂ ಕೂಡ ಎಕ್ಸ್‌ರೇಯಲ್ಲಿ ಸುಲಭವಾಗಿ ಕಾಣಿಸದ ಕಾರಣ ರೋಗಿ ತಾನೇ ಹೇಳದಿದ್ದರೆ ವೈದ್ಯರಿಗೂ ಹೊಳೆಯುವುದು ಕಷ್ಟ. ಹಾಗೇನಾದರೂ ನುಂಗಿದ್ದು ಗೊತ್ತಾದರೆ, ಮೀನಿನ ಮುಳ್ಳು ಸಿಕ್ಕಿದಾಗ ಮಾಡುವಂತೆ ಅನ್ನದ ಉಂಡೆ ನುಂಗಿಸಲು ಹೋಗಬೇಡಿ. ತುಂಡು ಇನ್ನೂ ಆಳಕ್ಕೆ ಚುಚ್ಚಿಕೊಳ್ಳುತ್ತದೆ. ಏನನ್ನೂ ತಿನ್ನಿಸದೆ, ಅದೇ ಬಗೆಯ ಸ್ಟ್ರಿಪ್ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಅಂಗಡಿಯ ಸಂಗತಿ. ಜ್ವರಕ್ಕೆ ಐದು ಮಾತ್ರೆ ಸಾಕಾಗಿರುವವರ ಮೇಲೆ ಹದಿನೈದರ ಸ್ಟ್ರಿಪ್ ಹೇರುವುದು ನ್ಯಾಯವಲ್ಲ, ಆದ್ದರಿಂದ ಕತ್ತರಿಸಿ ಕೊಡುವುದನ್ನೇ ತಪ್ಪೆನ್ನಲಾರೆ. ಬ್ಯಾಚ್ ಸಂಖ್ಯೆ ಮತ್ತು ಅವಧಿ ಇರುವ ತುದಿಯನ್ನು ಕೊನೆಯ ಗಿರಾಕಿಯವರೆಗೂ ಉಳಿಸಿಕೊಂಡು ಇನ್ನೊಂದು ತುದಿಯಿಂದ ಕತ್ತರಿಸುವುದು ನಮ್ಮ ಕಸುಬಿನ ಶಿಸ್ತು. ಇಲ್ಲವಾದರೆ ಉಳಿದ ಮಾತ್ರೆಗಳ ಅವಧಿ ಅಂಗಡಿಯವರಿಗೂ ತಿಳಿಯದಂತಾಗುತ್ತದೆ. ನಿಮಗೆ ಅದು ಬೇಕಿದ್ದರೆ ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಬ್ಯಾಚ್ ಮತ್ತು ಅವಧಿ ಎರಡೂ ಇರಬೇಕು. ಬಿಲ್‌ನಲ್ಲಿ 06/2027 ಎಂದಿದ್ದರೆ ಆ ವರ್ಷದ ಜೂನ್ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ತುಂಡು ಕೈಗೆ ಬಂದಾಗ ಕತ್ತರಿ ಓಡಿದ ಅಂಚನ್ನು ಒಮ್ಮೆ ನೋಡಿ: ಕೋಣೆಯ ಸುತ್ತ ಬೆಸುಗೆಯ ಪಟ್ಟಿ ಪೂರ್ತಿ ಉಳಿದಿರಬೇಕು. ಕತ್ತರಿ ಕೋಣೆಯನ್ನು ಸವರಿಕೊಂಡು ಹೋಗಿದ್ದರೆ ಆ ಮಾತ್ರೆಯನ್ನು ಬದಲಿಸಿ ಕೊಡುವಂತೆ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಖಾಲಿಯಾದ ಸ್ಟ್ರಿಪ್‌ಗಳನ್ನು ಗುಜರಿಯವರು ತೆಗೆದುಕೊಳ್ಳುವುದಿಲ್ಲ. ಬಚ್ಚಲೊಲೆಗೆ ಹಾಕಿ ಸುಡಬಹುದೇ? — ಓದುಗಿ, ಮಂಗಳೂರು

ಉತ್ತರ: ಸುಡಬೇಡಿ. ಪಿವಿಸಿ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಉರಿ ತರಿಸುವ ಅನಿಲ ಬಿಡುಗಡೆಯಾಗುತ್ತದೆ, ಜೊತೆಗೆ ಡಯಾಕ್ಸಿನ್‌ನಂಥ ವಿಷಗಳೂ ಹುಟ್ಟಬಹುದು. ಬಚ್ಚಲೊಲೆಯ ಮುಂದೆ ಕುಳಿತವರ ಮೂಗಿಗೇ ಅದು ನೇರ ಹೋಗುತ್ತದೆ. ಗುಜರಿಯವರು ಬೇಡವೆನ್ನುವುದಕ್ಕೆ ಕಾರಣ, ಲೋಹವೂ ಪ್ಲಾಸ್ಟಿಕ್ಕೂ ಒಂದಕ್ಕೊಂದು ಅಂಟಿಕೊಂಡಿರುವುದು. ಬೇರ್ಪಡಿಸಲು ಸಾಧ್ಯವಾದರೆ ಅಲ್ಯೂಮಿನಿಯಂಗೆ ಬೆಲೆಯಿದೆ: ಹಳೆಯ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಲು, ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯ ಶೇಕಡ 5ರಷ್ಟು ಸಾಕು. ಅಂಥ ಲೋಹ ಕಸಕ್ಕೆ ಹೋಗುವುದು ನನಗೂ ನೋವಿನ ಸಂಗತಿ. ಸದ್ಯಕ್ಕೆ ಒಣಕಸದೊಂದಿಗೆ ಪ್ರತ್ಯೇಕ ಚೀಲದಲ್ಲಿ ಕೊಡಿ, ಹಸಿಕಸಕ್ಕೆ ಬೆರೆಸಬೇಡಿ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದದ್ದನ್ನು ಕಂಡ ಊರಿನವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅವಧಿ ಮುಗಿದು ಮಾತ್ರೆ ಒಳಗೇ ಉಳಿದಿರುವ ಸ್ಟ್ರಿಪ್ ಆಗಿದ್ದರೆ ಹಾಗೆಯೇ ಎಸೆಯಬೇಡಿ. ನಿಮ್ಮ ಔಷಧಿ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ನಾನು ಆಳಸಮುದ್ರದ ಬೋಟಿನಲ್ಲಿ ದುಡಿಯುವವನು. ಒಮ್ಮೆ ಹೊರಟರೆ ಎಂಟು-ಹತ್ತು ದಿನ ಕಡಲಲ್ಲೇ. ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳಿವೆ. ಉಪ್ಪುಗಾಳಿಗೆ ಫಾಯಿಲ್ ತುಕ್ಕು ಹಿಡಿಯುತ್ತದೆಯೇ? — ಓದುಗರು, ಮಲ್ಪೆ

ಉತ್ತರ: ಕಬ್ಬಿಣದಂತೆ ಕೆಂಪು ತುಕ್ಕು ಅಲ್ಯೂಮಿನಿಯಂಗೆ ಬರುವುದಿಲ್ಲ, ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಚುಕ್ಕೆಚುಕ್ಕೆಯಾಗಿ ತಿನ್ನಬಲ್ಲದು. ಸ್ಟ್ರಿಪ್‌ನ ಹೊರಮೈಗೂ ಲೇಪ, ಮುದ್ರಣ ಇರುವುದರಿಂದ ಹತ್ತು ದಿನದಲ್ಲಿ ಅಷ್ಟೇನೂ ಆಗದು. ಹಿಂದಿನ ಸಲದ ಸ್ಟ್ರಿಪ್ ಬೋಟಿನಲ್ಲೇ ಉಳಿದು, ಜೂನ್ ಮತ್ತು ಜುಲೈಯ ಮೀನುಗಾರಿಕೆ ನಿಷೇಧದ 61 ದಿನವೂ ಅಲ್ಲೇ ಬಿದ್ದಿದ್ದರೆ ಮಾತ್ರ ಅದನ್ನು ಬಳಸಬೇಡಿ, ಹೊಸದು ಕೊಂಡುಕೊಳ್ಳಿ.

ನನಗೆ ಹೆಚ್ಚು ಕಳವಳ ಇರುವುದು ಬಿಸಿಯ ಬಗ್ಗೆ. ಅಲ್ಯೂಮಿನಿಯಂ ತೇವವನ್ನೂ ಬೆಳಕನ್ನೂ ತಡೆಯುತ್ತದೆ, ಬಿಸಿಯನ್ನು ತಡೆಯುವುದಿಲ್ಲ. ಲೋಹವಾದ್ದರಿಂದ ಬೇಗ ಒಳಗೆ ಸಾಗಿಸುತ್ತದೆ. ಇಂಜಿನ್ ಕೋಣೆಯ ಗೋಡೆಗೆ, ಚುಕ್ಕಾಣಿ ಕೋಣೆಯ ಗಾಜಿನ ಹಿಂದೆ ಬಿಸಿಲು ಬೀಳುವ ಜಾಗಕ್ಕೆ ಮಾತ್ರೆ ಸಿಕ್ಕಿಸಬೇಡಿ. ಮೀನಿನ ಐಸ್ ಪಕ್ಕದಲ್ಲೂ ಬೇಡ, ಅಲ್ಲಿಂದ ತೆಗೆದಾಗ ಸ್ಟ್ರಿಪ್‌ನ ಮೇಲೆ ನೀರಿನ ಹನಿ ಕಟ್ಟುತ್ತದೆ. ಬಿಗಿಯಾದ ತಿರುಗು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸ್ಟ್ರಿಪ್‌ಗಳನ್ನು ಇಡಿಯಾಗಿಯೇ ಹಾಕಿ, ಮಲಗುವ ಜಾಗದ ನೆರಳಿನಲ್ಲಿ ನಿಮ್ಮ ಬಟ್ಟೆಯ ಚೀಲದ ನಡುವೆ ಇಡಿ. ಹತ್ತು ದಿನಕ್ಕೆಂದು ಹೊರಟವರು ಗಾಳಿ ಎದ್ದು ಬೇರೆ ಬಂದರಿನಲ್ಲಿ ನಿಲ್ಲಬೇಕಾಗುವುದುಂಟು, ಆದ್ದರಿಂದ ಐದು ದಿನದ ಮಾತ್ರೆ ಹೆಚ್ಚೇ ಇರಲಿ. ಬಲೆ ಎಳೆದ ಒದ್ದೆ ಕೈಯಲ್ಲಿ ಸ್ಟ್ರಿಪ್ ಒತ್ತಬೇಡಿ, ಕೈ ಒರೆಸಿಕೊಂಡು ಒಂದು ಮಾತ್ರೆ ತೆಗೆದು ಡಬ್ಬಿಯನ್ನು ತಿರುಗಿ ಮುಚ್ಚಿ. ದಡಕ್ಕೆ ಬಂದ ದಿನ ಖಾಲಿ ಕೋಣೆಗಳನ್ನು ಎಣಿಸಿದರೆ, ಕಡಲಲ್ಲಿ ಎಷ್ಟು ದಿನ ಮಾತ್ರೆ ತಪ್ಪಿದೆ ಎಂಬುದೂ ತಿಳಿಯುತ್ತದೆ; ಆ ಲೆಕ್ಕವನ್ನು ನಿಮ್ಮ ವೈದ್ಯರಿಗೆ ಹೇಳಿ.